ಸಾಂಗಲಿಯ ಆಶಾ, ಲಂಡನ್ನಿನ ಮೊದಲ ನಂಬರು

1998ರ ಫೆಬ್ರವರಿ 22, ರವಿವಾರ. ಅಂದು ಸಂಜೆ ಬಿಬಿಸಿಯ ರೇಡಿಯೊ ಒನ್ ತನ್ನ ವಾರದ ಹಾಡುಗಳ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತ ಬಂದು ಮೊದಲ ನಂಬರಿಗೆ ನಿಂತಾಗ, ಬ್ರಿಟನ್ನಿನ ಮಂದಿಗೆ ಕೇಳಿಸಿದ್ದು ಆಶಾ ಭೋಸ್ಲೆಯವರ ಹೆಸರು. ಹಾಡಿದವರು ಆಶಾ ಅಲ್ಲ, ಅವರನ್ನು ಕುರಿತು ಬೇರೊಬ್ಬರು ಹಾಡಿದ್ದು. ಹಾಡಿನ ಹೆಸರು ‘ಬ್ರಿಮ್‌ಫುಲ್ ಆಫ್ ಆಶಾ’. ತಂಡದ ಹೆಸರು ಕಾರ್ನರ್‌ಶಾಪ್. ಬರೆದು ಹಾಡಿದವರು ತಜಿಂದರ್ ಸಿಂಗ್. ಪಂಜಾಬಿ ಮನೆತನದವರು, ಹುಟ್ಟಿದ್ದು ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ. ಇಂಗ್ಲೆಂಡಿನಲ್ಲಿ ಮೂಲೆ ಮೂಲೆಯ ಕಿರಾಣಿ ಅಂಗಡಿಗಳನ್ನೆಲ್ಲ ನಮ್ಮವರೇ ಇಟ್ಟುಕೊಂಡಿದ್ದಾರೆ ಎಂದು ಅಲ್ಲಿನವರು ಆಡಿಕೊಳ್ಳುತ್ತಿದ್ದರಲ್ಲ, ಆ ಚೇಷ್ಟೆಯ ಮಾತನ್ನೇ ತಂಡದ ಹೆಸರು ಮಾಡಿಕೊಂಡು ತಿರುಗಿ ಹೊಡೆದ ಹುಷಾರಿ ಮನುಷ್ಯ.

ಆಶಾ ಹುಟ್ಟಿದ್ದು 1933ರಲ್ಲಿ, ಸಾಂಗಲಿಯಲ್ಲಿ. ನಾನು ಮಾತಾಡುತ್ತಿರುವುದು ಬೆಳಗಾವಿಯ ಮಹಾಂತೇಶ ನಗರದವನಾಗಿ. ನಮಗೆ ಸಾಂಗಲಿ ಅಂದರೆ ಪರದೇಶವೇನಲ್ಲ. ಬೆಳಗಾವಿಯಲ್ಲಿ ಮಿರಜದ ರೈಲು ಹತ್ತಿದರೆ ಸ್ವಲ್ಪದರಲ್ಲೇ ಸುಳೇಭಾವಿ ಬರುತ್ತದೆ. 1924ರಲ್ಲಿ ಶಿವಪುತ್ರ ಸಿದ್ದರಾಮಯ್ಯ ಕೊಂಕಾಳಿಮಠ ಎಂಬ ಕೂಸು ಹುಟ್ಟಿದ ಊರು, ಮುಂದೆ ಅದೇ ಕೂಸು ಕುಮಾರ ಗಂಧರ್ವರಾಯಿತು. ಆಮೇಲೆ ಘಟಪ್ರಭಾ, ರಾಯಬಾಗ, ಮಾಯಕ್ಕನ ಚಿಂಚಲಿ, ಕುಡಚಿ. ಆಮೇಲೆ ಅಬ್ದುಲ್ ಕರೀಮ್ ಖಾನರು ನೆಲೆ ನಿಂತ, ಇವತ್ತಿಗೂ ತಂಬೂರಿ ಸಿತಾರ್ ಮಾಡುವ ಮಿರಜ. ಅದರ ಮಗ್ಗುಲಿಗೇ ಸಾಂಗಲಿ. ಸಾಂಗಲಿಯ ಹೊಳೆದಂಡೆಯನ್ನು ಮುಟ್ಟಿದ ಕೃಷ್ಣೆಯೇ ಮುಂದೆ ನಮ್ಮ ಜಿಲ್ಲೆಗೆ ಇಳಿಯುವುದು.

ಹಾಡಿನ ನಂಟು ಇನ್ನೂ ಒಂದು ಉಂಟು. ಆಶಾ ಅವರ ಅಕ್ಕ ಲತಾ ಮಂಗೇಶಕರ್ ಕನ್ನಡದಲ್ಲಿ ಹಾಡಿದ್ದು 1967ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರಕ್ಕೆ. ಸಂಗೀತ ಲಕ್ಷ್ಮಣ ಬರ್ಲೇಕರ್ ಅವರದು. ಸಂಗೊಳ್ಳಿ ನಮ್ಮ ಬೈಲಹೊಂಗಲ ತಾಲೂಕಿನದು. ಅಷ್ಟೆಲ್ಲ ಹಾಡಿದ ಲತಾ ಕನ್ನಡಕ್ಕೆ ಬಂದದ್ದು ನಮ್ಮ ಜಿಲ್ಲೆಯ ವೀರನ ಕತೆಗಾಗಿ. ಈ ಹೆಮ್ಮೆಯನ್ನು ನಾವು ಇನ್ನೂ ಸರಿಯಾಗಿ ಪಟ್ಟಿಲ್ಲ ಅನಿಸುತ್ತದೆ ನನಗೆ.

ಈಗ ಲಂಡನ್ನಿನ ಪಟ್ಟಿಗೆ ಹೋಗೋಣ. ‘ಬ್ರಿಮ್‌ಫುಲ್ ಆಫ್ ಆಶಾ’ ಮೊದಲ ಸಲ ಮಾರುಕಟ್ಟೆಗೆ ಬಂದದ್ದು 1997ರಲ್ಲಿ. ಆಗ ಅದು ಅರವತ್ತನೆಯ ಸ್ಥಾನಕ್ಕೆ ಹೋಗಿ ಅಲ್ಲಿಂದಲೇ ಕೆಳಗಿಳಿಯಿತು. ತಣ್ಣಗಿನ, ಒಂದೇ ಲಯದಲ್ಲಿ ತೂಗುವ ಹಾಡು. ಆಶಾ, ಲತಾ, ರಫಿ ಇವರ ಹೆಸರೆತ್ತಿ, ತೆರೆಯ ಹಿಂದೆ ನಿಂತು ಹಾಡುವವರನ್ನೂ, ನಲವತ್ತೈದು ಸುತ್ತಿನ ಸಣ್ಣ ಪ್ಲೇಟುಗಳನ್ನೂ ನೆನೆಯುವ ಹಾಡು. ಫ್ಯಾಟ್‌ಬಾಯ್ ಸ್ಲಿಮ್ ಎಂದು ಹೆಸರಾದ ನಾರ್ಮನ್ ಕುಕ್ ಅದನ್ನು ತೆಗೆದುಕೊಂಡು, ವೇಗ ಹೆಚ್ಚಿಸಿ, ಕೆಳಗೆ ದಪ್ಪನೆಯ ತಾಳ ಕೂಡಿಸಿ ಕುಣಿಯುವ ಹಾಡು ಮಾಡಿದರು. ಅದು ನೇರ ತುದಿಗೆ ಹತ್ತಿತು. ಇದ್ದದ್ದು ಒಂದೇ ವಾರ. ಹಿಂದಿನ ವಾರ ಆ ಸ್ಥಾನದಲ್ಲಿದ್ದದ್ದು ಸೆಲೀನ್ ಡಿಯಾನ್ ಹಾಡಿದ ‘ಟೈಟಾನಿಕ್’ ಚಿತ್ರದ ಹಾಡು. ಮರುವಾರ ಮಡೋನಾ ಬಂದರು. ಅದರಾಚೆಯ ವಾರ ಮತ್ತೆ ಟೈಟಾನಿಕ್ಕೇ ಮೇಲೆದ್ದಿತು. ಹಡಗು ಮುಳುಗಿದರೂ ಹಾಡು ಮುಳುಗಲಿಲ್ಲ.

ಆ ವರ್ಷ ಮಾರ್ಚಿನಲ್ಲಿ ಟೈಟಾನಿಕ್ ನಮ್ಮ ದೇಶಕ್ಕೂ ಬಂತು. ಬೆಳಗಾವಿಯ ಮದುವೆ ಬ್ಯಾಂಡಿನವರು ಅದೇ ಹಾಡನ್ನು ಕ್ಲಾರಿನೆಟ್ಟಿನಲ್ಲಿ ಎಳೆಯುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಶಾಲೆಯ ಗ್ಯಾದರಿಂಗಿನಲ್ಲಿ ಹುಡುಗಿಯರು ಡೆನ್ಮಾರ್ಕಿನ ಆಕ್ವಾ ತಂಡದ ‘ಬಾರ್ಬಿ ಗರ್ಲ್’ಗೆ ಕುಣಿದರು. ಅದು 1997ರ ಶರತ್ಕಾಲದಲ್ಲಿ ಬ್ರಿಟನ್ನಿನಲ್ಲಿ ನಾಲ್ಕು ವಾರ ಮೊದಲ ನಂಬರಿನಲ್ಲಿದ್ದ ಹಾಡು. ಮುಂದೆ ಹಾಲೆಂಡಿನ ವೆಂಗಾಬಾಯ್ಸ್ ಬಂದರು, ಅವರದೂ 1999ರಲ್ಲಿ ಎರಡು ಹಾಡು ಅಲ್ಲಿ ತುದಿ ಮುಟ್ಟಿತ್ತು. ಕೇಬಲ್ಲಿನ ತಂತಿ ಹಿಡಿದು ಇವೆಲ್ಲ ನಮ್ಮ ಓಣಿಗೆ ಬಂದವು. ಬಾರದೆ ಉಳಿದದ್ದು ಒಂದೇ: ನಮ್ಮ ನೆರೆಯೂರಿನ ಆಶಾತಾಯಿಯ ಮೇಲಿನ ಹಾಡು. ಅದು ನನ್ನ ಕಿವಿಗೆ ಬಿದ್ದದ್ದು ಎಷ್ಟೋ ವರ್ಷದ ಮೇಲೆ. ಯಾವ ಹಾಡು ಊರಿಂದ ಊರಿಗೆ ಹೋಗಬೇಕು, ಯಾವುದು ಹೋಗಬಾರದು ಎಂದು ತೀರ್ಮಾನ ಮಾಡುವವರು ಕೇಳುವವರಲ್ಲ, ಕಳಿಸುವವರು.

ಈ ಮೊದಲ ನಂಬರು ಅನ್ನುವುದನ್ನು ಎಣಿಸುವವರು ಯಾರು? ಏನನ್ನು ಎಣಿಸುತ್ತಾರೆ?

ಬ್ರಿಟನ್ನಿನ ಪಟ್ಟಿ ಹುಟ್ಟಿದ ಕತೆ ಬಹಳ ಸಾದಾ. ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಅಂತ ಒಂದು ವಾರಪತ್ರಿಕೆ. ಅದರಲ್ಲಿ ಜಾಹೀರಾತಿನ ಕೆಲಸ ನೋಡುತ್ತಿದ್ದ ಪರ್ಸಿ ಡಿಕಿನ್ಸ್ ಎಂಬಾತ ಫೋನು ಹಿಡಿದು ಕೂತು, ಸುಮಾರು ಇಪ್ಪತ್ತು ಪ್ಲೇಟಿನ ಅಂಗಡಿಗಳಿಗೆ ಒಂದೊಂದಾಗಿ ಫೋನು ಮಾಡಿ, ‘ಈ ವಾರ ನಿಮ್ಮಲ್ಲಿ ಹೆಚ್ಚು ಹೋದದ್ದು ಯಾವುದು’ ಎಂದು ಕೇಳಿ ಬರೆದುಕೊಂಡ. 1952ರ ನವೆಂಬರ್ 14ರಂದು ಮೊದಲ ಪಟ್ಟಿ ಅಚ್ಚಾಯಿತು. ಹನ್ನೆರಡು ಸ್ಥಾನ, ಆದರೆ ಹಾಡು ಹದಿನೈದು. ಕೆಲವು ಸರಿಸಮ ಬಂದಿದ್ದವು. ಅಲ್ ಮಾರ್ಟಿನೊ ಎಂಬ ಅಮೆರಿಕದ ಗಾಯಕ ಮೊದಲಿಗ. ಮುಂದೆ ಅಂಗಡಿಗಳ ಸಂಖ್ಯೆ ನೂರಾರಾಯಿತು, ಅಂಗಡಿಯವರು ಕೈಯಿಂದ ಬರೆಯುತ್ತಿದ್ದ ಡೈರಿ ಹೋಗಿ 1983ರಲ್ಲಿ ಗ್ಯಾಲಪ್ ಸಂಸ್ಥೆಯ ಕಂಪ್ಯೂಟರು ಬಂತು. ತೊಂಬತ್ತರ ದಶಕಕ್ಕೆ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಬಾರ್‌ಕೋಡು ‘ಟುಂಯ್’ ಎಂದರೆ ಸಾಕು, ಒಂದು ಮತ ಬಿದ್ದಂತೆ.

ಇಲ್ಲಿ ಸಿಂಗಲ್ ಅನ್ನುವುದನ್ನು ತುಸು ಬಿಡಿಸಿ ಹೇಳಬೇಕು, ಯಾಕೆಂದರೆ ಆ ಸರಕು ನಮ್ಮಲ್ಲಿ ಬೆಳೆಯಲೇ ಇಲ್ಲ. ಒಂದು ಹಾಡು, ಅದರ ಬೆನ್ನಿಗೆ ಇನ್ನೊಂದೋ ಎರಡೋ. ಅಷ್ಟನ್ನೇ ಒಂದು ಡಿಸ್ಕಿಗೆ ಹಾಕಿ ಮಾರುವುದು. ಮಂದಿ ಆ ಒಂದು ಹಾಡಿಗಾಗಿ ಅಂಗಡಿಗೆ ಹೋಗಿ ದುಡ್ಡು ಕೊಡುತ್ತಿದ್ದರು. ನಮ್ಮಲ್ಲಿ ಹಾಡು ಬರುವುದು ಸಿನಿಮಾದ ಸೆರಗು ಹಿಡಿದು, ಐದಾರು ಹಾಡು ಒಂದೇ ಕ್ಯಾಸೆಟ್ಟಿನಲ್ಲಿ. 1996ರ ‘ಜನುಮದ ಜೋಡಿ’ಯ ಕ್ಯಾಸೆಟ್ಟು ಕೊಂಡವರು ವಿ. ಮನೋಹರ್ ಅವರ ಯಾವ ಹಾಡಿಗೆ ಮನಸೋತು ಕೊಂಡರು ಎಂದು ಅಂಗಡಿಯವನ ಲೆಕ್ಕದಿಂದ ಹೇಳಲು ಬರುವುದಿಲ್ಲ. ಅದನ್ನು ತಿಳಿಯಬೇಕಾದರೆ ಆ ಮನೆಯ ಕ್ಯಾಸೆಟ್ಟಿನಲ್ಲಿ ಟೇಪು ಎಲ್ಲಿ ಸವೆದಿದೆ ಎಂದು ನೋಡಬೇಕು.

ಬ್ರಿಟನ್ನಿನವರ ಲೆಕ್ಕ ಪಕ್ಕಾ ಇತ್ತು, ಹಾಗೆಂದು ನ್ಯಾಯವಾಗಿತ್ತು ಎನ್ನಲಾರೆ. ಯಾವ ಯಾವ ಅಂಗಡಿಯ ಲೆಕ್ಕ ಪಟ್ಟಿಗೆ ಹೋಗುತ್ತದೆ ಎಂದು ಕಂಪನಿಗಳು ಪತ್ತೆ ಹಚ್ಚಿ, ತಮ್ಮ ಹಾಡನ್ನು ತಾವೇ ಕೊಂಡು ಮೇಲೆತ್ತುತ್ತಿದ್ದುದನ್ನು 1980ರಲ್ಲಿ ‘ವರ್ಲ್ಡ್ ಇನ್ ಆಕ್ಷನ್’ ಎಂಬ ಟಿ.ವಿ. ಕಾರ್ಯಕ್ರಮ ಬಯಲಿಗಿಟ್ಟಿತು. ತೊಂಬತ್ತರ ದಶಕದಲ್ಲಿ ಕಳ್ಳತನ ಬೇಕಾಗಲಿಲ್ಲ, ಕಾಯಿದೆಯೊಳಗೇ ದಾರಿ ಸಿಕ್ಕಿತು. ಹಾಡು ಅಂಗಡಿಗೆ ಬರುವ ಎಷ್ಟೋ ವಾರ ಮೊದಲೇ ರೇಡಿಯೊದಲ್ಲಿ ಬಾರಿಸಿ ಬಾರಿಸಿ ಮಂದಿಯ ಬಾಯಲ್ಲಿ ನೀರೂರಿಸುವುದು. ಬಂದ ವಾರ ಬೆಲೆ ಇಳಿಸಿ ಕೊಡುವುದು. ಒಂದೇ ಹಾಡನ್ನು ಎರಡು ಡಿಸ್ಕು, ಒಂದು ಕ್ಯಾಸೆಟ್ಟು ಎಂದು ಬೇರೆ ಬೇರೆ ಕಟ್ಟಿನಲ್ಲಿ ಮಾರಿ ಅಭಿಮಾನಿಯಿಂದ ಎರಡು ಮೂರು ಸಲ ದುಡ್ಡು ಕೀಳುವುದು. 1995ರ ಆಗಸ್ಟಿನಲ್ಲಿ ಬ್ಲರ್ ಮತ್ತು ಓಯಸಿಸ್ ತಂಡಗಳ ಹಾಡು ಒಂದೇ ದಿನ ಬಿಡುಗಡೆಯಾದಾಗ ಅದು ರಾತ್ರಿಯ ಟಿ.ವಿ. ವಾರ್ತೆಗೂ ಹೋಯಿತು. ಬ್ಲರ್ 2 ಲಕ್ಷ 74 ಸಾವಿರ, ಓಯಸಿಸ್ 2 ಲಕ್ಷ 16 ಸಾವಿರ. ಗೆದ್ದವರ ಕೈಯಲ್ಲಿ ಎರಡು ಬಗೆಯ ಡಿಸ್ಕು ಇತ್ತು, ಬೆಲೆಯೂ ಕಡಿಮೆ ಇತ್ತು.

ಇದರ ಫಲ ಏನಾಯಿತು ನೋಡಿ. 1991ರಲ್ಲಿ ಬ್ರಯಾನ್ ಆಡಮ್ಸ್ ಹಾಡಿದ ಒಂದು ಹಾಡು ಸತತ ಹದಿನಾರು ವಾರ ತುದಿಯಲ್ಲಿ ಕೂತಿತ್ತು. 2000ನೇ ಇಸವಿಯಲ್ಲಿ, ಒಂದೇ ವರ್ಷದಲ್ಲಿ, ನಲವತ್ತಕ್ಕೂ ಹೆಚ್ಚು ಹಾಡು ಮೊದಲ ನಂಬರಾದವು. ವರ್ಷಕ್ಕೆ ವಾರ ಐವತ್ತೆರಡು. ಅಂದರೆ ಬಹಳಷ್ಟು ಹಾಡು ಸೋಮವಾರ ಬಂದು, ರವಿವಾರ ಪಟ್ಟ ಏರಿ, ಮುಂದಿನ ರವಿವಾರ ಇಳಿದು ಹೋದವು. ಬೇಂದ್ರೆಯವರ ಊರಾದ ಧಾರವಾಡದ ರೇಡಿಯೊದಲ್ಲಿ ಎಷ್ಟೋ ವರ್ಷದಿಂದ ಅದೇ ಅದೇ ಪದ ಕೇಳಿಯೂ ದಣಿಯದ ನಮಗೆ ಈ ಅವಸರ ವಿಚಿತ್ರ ಅನಿಸುತ್ತದೆ.

ಎಲ್ಲವೂ ಅವಸರವಲ್ಲ. 1997ರ ಆಗಸ್ಟ್ 31ರಂದು ರಾಜಕುಮಾರಿ ಡಯಾನಾ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಎಲ್ಟನ್ ಜಾನ್ ತಮ್ಮ ಹಳೆಯ ಹಾಡೊಂದಕ್ಕೆ ಹೊಸ ಮಾತು ಹಾಕಿಸಿ ಆಕೆಯ ಶವಸಂಸ್ಕಾರದ ಪ್ರಾರ್ಥನೆಯಲ್ಲಿ ಹಾಡಿದರು. ಮರುವಾರ ಅದು ಡಿಸ್ಕಾಗಿ ಬಂತು, ಮೊದಲ ವಾರವೇ ಹದಿನೈದು ಲಕ್ಷದಷ್ಟು ಹೋಯಿತು, ಒಟ್ಟು ಐವತ್ತು ಲಕ್ಷದ ಹತ್ತಿರ ಬಂತು. ಆಗಿನ ಕರ್ನಾಟಕಕ್ಕಿಂತ ತುಸು ಹೆಚ್ಚು ಜನರಿದ್ದ ದೇಶದಲ್ಲಿ ಐವತ್ತು ಲಕ್ಷ! ಆ ದೇಶದಲ್ಲಿ ಅಷ್ಟು ಮಾರಿದ ಸಿಂಗಲ್ ಇನ್ನೊಂದಿಲ್ಲ. ಅದನ್ನು ಕೊಂಡವರೆಲ್ಲ ಕೇಳಲಿಕ್ಕೆಂದು ಕೊಂಡರೆಂದು ನಾನು ನಂಬುವುದಿಲ್ಲ. ಸತ್ತವರ ಮನೆಗೆ ಹೋಗಿ ಕೂತು ಬರುವುದು ಸಾಧ್ಯವಿಲ್ಲದ ಮಂದಿ ಅಂಗಡಿಗೆ ಹೋಗಿ ಬಂದರು. ಹಣವೂ ಆಕೆಯ ಹೆಸರಿನ ನಿಧಿಗೆ ಹೋಯಿತು.

ಈ ಪಟ್ಟಿಯಲ್ಲಿ ನನಗೆ ಬಹಳ ಹಿಡಿಸುವುದು ಬೇರೆ ಮೂವರ ಕತೆ. ಆಶಾ ಹಾಡಿನ ತಜಿಂದರ್ ಸಿಂಗ್ ಒಬ್ಬರು. ಅವರಿಗಿಂತ ಎರಡು ವರ್ಷ ಮೊದಲು, 1996ರ ಜನವರಿಯಲ್ಲಿ, ಅದೇ ವುಲ್ವರ್‌ಹ್ಯಾಂಪ್ಟನ್ನಿನ ಜಸ್ ಮಾನ್ ಎಂಬ ಪಂಜಾಬಿ ಮೂಲದ ಯುವಕನ ‘ಸ್ಪೇಸ್‌ಮನ್’ ಐದು ವಾರ ತುದಿಯಲ್ಲಿತ್ತು. ತಂಡದ ಹೆಸರು ಬ್ಯಾಬಿಲಾನ್ ಝೂ. ಲೀವೈಸ್ ಪ್ಯಾಂಟಿನ ಜಾಹೀರಾತಿನಲ್ಲಿ ಆ ಹಾಡಿನ ಚುರುಕಾದ ತುಣುಕು ಬಂದಿತ್ತು. ಮೊದಲ ವಾರದಲ್ಲೇ ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ಕೊಂಡುಕೊಂಡು ಮನೆಗೆ ತಂದು ಹಾಕಿದರೆ, ಚುರುಕು ತುಣುಕು ಇದ್ದದ್ದು ಆಚೀಚೆ ಅಂಚಿನಲ್ಲಿ. ನಡುವಿನದೆಲ್ಲ ಎಳೆದಾಡುವ ನಿಧಾನದ ಹಾಡು. ಕೊಂಡವರು ಗೊಣಗಿದರು, ಆದರೆ ಗೊಣಗಾಟವನ್ನು ಎಣಿಸುವ ಯಂತ್ರ ಅಂಗಡಿಯಲ್ಲಿರಲಿಲ್ಲ.

ಮೂರನೆಯವರು ಜ್ಯೋತಿ ಮಿಶ್ರಾ. ಒಡಿಶಾದ ರೂರ್ಕೆಲಾದಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಇಂಗ್ಲೆಂಡಿಗೆ ಹೋದವರು. ಡರ್ಬಿ ಊರಿನ ತಮ್ಮ ಮನೆಯ ಮಲಗುವ ಕೋಣೆಯಲ್ಲಿ, ಕ್ಯಾಸೆಟ್ಟಿನ ಮೇಲೆ, ಒಬ್ಬರೇ ಕೂತು ಒಂದು ಹಾಡು ಮಾಡಿದರು. 1932ರ ಒಂದು ಹಳೆಯ ಪ್ಲೇಟಿನಿಂದ ತುತ್ತೂರಿಯ ಒಂದು ಚೂರು ಎತ್ತಿಕೊಂಡು ಅದನ್ನೇ ಮತ್ತೆ ಮತ್ತೆ ಬರುವ ಹಾಗೆ ಹೊಸೆದರು. ವೈಟ್ ಟೌನ್ ಎಂಬ ಹೆಸರಿನಲ್ಲಿ ಬಂದ ಆ ‘ಯುವರ್ ವುಮನ್’ 1997ರ ಜನವರಿಯಲ್ಲಿ ಬ್ರಿಟನ್ನಿನ ಮೊದಲ ನಂಬರು. ಸ್ಪೈಸ್ ಗರ್ಲ್ಸ್ ಎಂಬ ಐವರು ಹುಡುಗಿಯರ ತಂಡ ಕಂಪನಿಯ ಬೆಂಬಲದಿಂದ ಒಂದರ ಮೇಲೊಂದು ಹಾಡನ್ನು ತುದಿಗೇರಿಸುತ್ತಿದ್ದ ಕಾಲ ಅದು. ಅವರ ನಡುವೆ ಮಲಗುವ ಕೋಣೆಯ ಹಾಡೊಂದು ನುಸುಳಿಕೊಂಡು ಹೋಗಿ ಒಂದು ವಾರ ಕೂತು ಬಂತು. ಗಲ್ಲಾಪೆಟ್ಟಿಗೆಯ ಎಣಿಕೆಗೆ ಇರುವ ಒಂದೇ ಒಂದು ದೊಡ್ಡಗುಣ ಇದು: ಹಾಡಿದವನ ಮೈಬಣ್ಣ ಅದಕ್ಕೆ ಕಾಣುವುದಿಲ್ಲ. ಮೂರೂ ಮಂದಿ ಒಂದೊಂದು ಸಲವೇ ತುದಿ ಕಂಡರು. ಆಮೇಲೆ ಯಾರೂ ಮತ್ತೆ ಹತ್ತಲಿಲ್ಲ.

ಇನ್ನು ನಮ್ಮ ಕಡೆಯ ಮಾತು.

ಲಂಡನ್ನಿನಲ್ಲಿ ಮೊದಲ ಪಟ್ಟಿ ಅಚ್ಚಾದ ಹತ್ತೊಂಬತ್ತೇ ದಿನಕ್ಕೆ, 1952ರ ಡಿಸೆಂಬರ್ 3ರ ಬುಧವಾರ ರಾತ್ರಿ, ರೇಡಿಯೊ ಸಿಲೋನಿನಿಂದ ಅಮೀನ್ ಸಯಾನಿಯವರ ‘ಬಿನಾಕಾ ಗೀತ್‌ಮಾಲಾ’ ಶುರುವಾಯಿತು. ಒಬ್ಬರನ್ನು ನೋಡಿ ಒಬ್ಬರು ಮಾಡಿದ್ದಲ್ಲ. ಎರಡಕ್ಕೂ ಕಾರಣ ಬೇರೆ ಬೇರೆ. ಆ ವರ್ಷ ವಾರ್ತಾ ಮತ್ತು ಪ್ರಸಾರ ಮಂತ್ರಿಗಳಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಆಗಿಬರುತ್ತಿರಲಿಲ್ಲ. ಆಕಾಶವಾಣಿಯಲ್ಲಿ ಅವಕ್ಕೆ ಜಾಗ ಕಡಿಮೆಯಾಗುತ್ತ ಹೋಯಿತು. ಕೇಳುವವರು ಮುಳ್ಳು ತಿರುಗಿಸಿ ಸಿಲೋನಿಗೆ ಹೋದರು. ಆಕಾಶವಾಣಿಯೇ 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ತೆರೆದು ಅವರನ್ನು ಮರಳಿ ಕರೆಯಬೇಕಾಯಿತು. ಇದನ್ನು ಆಕಾಶವಾಣಿಯಿಂದಲೇ ಹೇಳಲಿಕ್ಕೆ ನನಗೇನೂ ಸಂಕೋಚವಿಲ್ಲ. ಧಾರವಾಡ ಕೇಂದ್ರ 1950ರ ಜನವರಿ 8ರಿಂದ ನಮ್ಮ ಮನೆಗಳಲ್ಲಿದೆ, ನಂಟರ ತಪ್ಪನ್ನು ನಂಟರ ಮುಂದೆಯೇ ಆಡಬೇಕು.

ಗೀತ್‌ಮಾಲಾ ಮೊದಲಿಗೆ ಪಟ್ಟಿಯಾಗಿರಲಿಲ್ಲ. ಏಳು ಹಾಡನ್ನು ಹಿಂದೆ ಮುಂದೆ ಮಾಡಿ ಬಾರಿಸುವುದು, ಸರಿಯಾದ ಸಾಲನ್ನು ಕೇಳುಗರು ಪತ್ರದಲ್ಲಿ ಬರೆದು ಕಳಿಸುವುದು, ಗೆದ್ದವರಿಗೆ ನೂರು ರೂಪಾಯಿ. ನಲವತ್ತೋ ಐವತ್ತೋ ಪತ್ರ ಬಂದಾವೆಂದು ಕೂತಿದ್ದವರಿಗೆ ಮೊದಲ ಕಂತಿಗೇ ಬಂದದ್ದು ಒಂಬತ್ತು ಸಾವಿರ. ಮುಂದೆ ಅದು ಏಣಿಯಾಯಿತು; ಹಾಡುಗಳು ಮೆಟ್ಟಿಲು ಹತ್ತುತ್ತ ಇಳಿಯುತ್ತ ಬಂದವು. ಪ್ಲೇಟಿನ ಅಂಗಡಿಗಳ ವರದಿಯ ಜೊತೆಗೆ, ಊರೂರಿನ ಶ್ರೋತಾ ಸಂಘಗಳ ಅಭಿಪ್ರಾಯವನ್ನೂ ಸಯಾನಿಯವರು ಕೂಡಿಸಿದರು. ಇದು ಬ್ರಿಟನ್ನಿನವರ ಲೆಕ್ಕಕ್ಕಿಂತ ದೊಡ್ಡ ಮನಸ್ಸಿನ ಲೆಕ್ಕ. ಪ್ಲೇಟು ಕೊಳ್ಳಲು ದುಡ್ಡಿಲ್ಲದವನೂ ಒಂದು ಅಂಚೆ ಕಾರ್ಡು ಬರೆದು ತನ್ನ ಹಾಡಿಗೆ ಮತ ಹಾಕಬಹುದಿತ್ತು. ಲಂಡನ್ನಿನಲ್ಲಿ ದುಡ್ಡು ಕೊಡದವನಿಗೆ ಮತವೇ ಇರಲಿಲ್ಲ. ಮೋಸ ಇಲ್ಲಿಯೂ ಇದ್ದೀತು, ಒಂದೇ ಊರಿನವರು ಕಟ್ಟುಗಟ್ಟಲೆ ಪತ್ರ ಹಾಕಿದ್ದು ಉಂಟು. ಝುಮರಿ ತಲೈಯಾ ಎಂಬ ಸಣ್ಣ ಗಣಿಯೂರು ಬರೀ ಕೋರಿಕೆ ಪತ್ರಗಳಿಂದ ದೇಶಕ್ಕೆಲ್ಲ ಗೊತ್ತಾಯಿತು. ಆ ಮೋಸಕ್ಕೆ ಅಂಚೆ ಖರ್ಚು, ಕೈಬರಹ, ಕಾಯುವಿಕೆ ಎಲ್ಲ ಬೇಕಿತ್ತು. ಅಷ್ಟು ಕಷ್ಟಪಟ್ಟು ಮಾಡುವ ಮೋಸವನ್ನು ಪ್ರೀತಿಯೆಂದೇ ಲೆಕ್ಕಕ್ಕೆ ಹಿಡಿಯಬೇಕು.

ಆದರೆ ಅದು ಹಿಂದಿ ಹಾಡಿನ ಏಣಿ. ಕನ್ನಡ ಹಾಡಿಗೆ ಅಂಥದೊಂದು ಏಣಿ ನಿಲ್ಲಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಇಲ್ಲಿ ಯಾವ ಹಾಡು ಮೊದಲ ನಂಬರು ಎಂದು ಕೇಳಿದರೆ, ಕೇಳಿದ ಜಾಗದ ಮೇಲೆ ಉತ್ತರ ಬೇರೆಯಾಗುತ್ತಿತ್ತು. ಕಾಲೇಜಿನ ಹುಡುಗರಿಗೆ 1998ರ ‘ಎ’, 1999ರ ‘ಉಪೇಂದ್ರ’, ಗುರುಕಿರಣ್ ಅವರ ಗದ್ದಲ. ಮನೆಯಲ್ಲಿ 1997ರ ‘ಅಮೃತವರ್ಷಿಣಿ’, ಕೆ. ಕಲ್ಯಾಣ್ ಅವರ ಮಾತು. ನಮ್ಮ ಕಡೆಯ ನುಡಿ ಬಲ್ಲವರಿಗೆ ಅದೇ ವರ್ಷದ ‘ನಾಗಮಂಡಲ’. ಗೋಪಾಲ ವಾಜಪೇಯಿಯವರು ಗಂಡುಮೆಟ್ಟಿನ ಭಾಷೆಯಲ್ಲಿ ಬರೆದದ್ದು, ಸಿ. ಅಶ್ವತ್ಥ್ ಎದೆ ತೆರೆದು ಹಾಡಿದ್ದು. ನನ್ನನ್ನು ಕೇಳಿದರೆ ಆ ಕಾಲದ ಕನ್ನಡ ಹಾಡುಗಳಲ್ಲಿ ‘ನಾಗಮಂಡಲ’ಕ್ಕೆ ಸಾಟಿಯಿಲ್ಲ. ನನ್ನ ಒಬ್ಬನ ಮತವನ್ನು ಎಣಿಸಿದವರೂ ಯಾರಿಲ್ಲ.

ಬೆಳಗಾವಿಯಲ್ಲಿ ಈ ಎಣಿಕೆ ಇನ್ನೂ ತೊಡಕಿನದು, ಯಾಕೆಂದರೆ ಇಲ್ಲಿ ಒಂದೇ ಗಲ್ಲಿಯಲ್ಲಿ ಕನ್ನಡ, ಮರಾಠಿ, ಹಿಂದಿ, ಕೊಂಕಣಿ ನಾಲ್ಕೂ ಮೊಳಗುತ್ತವೆ. ಧಾರವಾಡ ಹಿಡಿಯುವ ರೇಡಿಯೊವೇ ಸಾಂಗಲಿಯನ್ನೂ ಪಣಜಿಯನ್ನೂ ಹಿಡಿಯುತ್ತದೆ. ಖಾನಾಪುರ, ಲೋಂಡಾ ಕಡೆಯವರ ಕಿವಿಯ ಅರ್ಧ ಯಾವತ್ತೂ ಗೋವೆಯದು. ಗಣೇಶೋತ್ಸವದ ಮೆರವಣಿಗೆಯಲ್ಲಿ ಬೆಂಜೊ ಪಾರ್ಟಿಯವರು, ಆಮೇಲಾಮೇಲೆ ಡಾಲ್ಬಿಯವರು, ಯಾವ ಹಾಡು ಎತ್ತಿಕೊಂಡರೆ ಹುಡುಗರ ಕಾಲು ನಿಲ್ಲುವುದಿಲ್ಲವೋ ಅದು ಆ ವರ್ಷದ ಮೊದಲ ನಂಬರು. ಅದರ ಭಾಷೆ ಯಾವುದೆಂದು ಆ ಹೊತ್ತಿನಲ್ಲಿ ಕೇಳಿದವರನ್ನು ನಾನು ನೋಡಿಲ್ಲ. ಜಗಳ ಬರುವುದು ಬೋರ್ಡಿನ ಮೇಲಿನ ಅಕ್ಷರಕ್ಕೆ, ಹಾಡಿಗಲ್ಲ.

ಇದಕ್ಕಿಂತ ಹಳೆಯ ಎಣಿಕೆ ಕಂಪನಿ ನಾಟಕದ್ದು. ಸವದತ್ತಿ ತಾಲೂಕಿನ ಏಣಗಿಯ ರಂಗನಟ ಬಾಳಪ್ಪನವರು ನೂರು ದಾಟಿ ಬಾಳಿ 2017ರಲ್ಲಿ ತೀರಿಕೊಂಡರು. ಅವರ ಕಾಲದ ರಂಗದಲ್ಲಿ ಪದ ಮುಗಿದ ಕ್ಷಣ ಥೇಟರಿನ ಹಿಂದಿನ ಸಾಲಿನಿಂದ ‘ಒನ್ಸ್ ಮೋರ್’ ಎಂದು ಕೂಗು ಬರುತ್ತಿತ್ತು. ಸಾಯುವ ದೃಶ್ಯದಲ್ಲೂ ಬರುತ್ತಿತ್ತು. ಸತ್ತ ಪಾತ್ರ ಎದ್ದು ಕೂತು ಮತ್ತೊಮ್ಮೆ ಹಾಡಿ ಮತ್ತೊಮ್ಮೆ ಸಾಯಬೇಕು. ಬಾರ್‌ಕೋಡು ಇಲ್ಲ, ಡೈರಿ ಇಲ್ಲ, ಪರ್ಸಿ ಡಿಕಿನ್ಸನ ಫೋನೂ ಇಲ್ಲ. ಎಷ್ಟು ಸಲ ಒನ್ಸ್ ಮೋರ್ ಬಂತು ಎಂಬುದೇ ಲೆಕ್ಕ. ಸಿನಿಮಾ ಹಾಡಿಗೂ ಅದೇ ಕತೆ. ಬೀಳಗಿಯ ಅಮೀರಬಾಯಿ ಕರ್ನಾಟಕಿಯವರು ಮುಂಬಯಿಗೆ ಹೋಗಿ 1943ರ ‘ಕಿಸ್ಮತ್’ ಚಿತ್ರಕ್ಕೆ ಹಾಡಿದರು. ಕಲ್ಕತ್ತೆಯ ರಾಕ್ಸಿ ಥೇಟರಿನಲ್ಲಿ ಆ ಸಿನಿಮಾ ಮೂರು ವರ್ಷಕ್ಕೂ ಮೇಲೆ ಓಡಿತು. ಆಗ ಪಟ್ಟಿಯೊಂದು ಇದ್ದಿದ್ದರೆ ನಮ್ಮ ಬೀಳಗಿಯ ಹೆಣ್ಣುಮಗಳು ಅದರ ತುದಿಯಲ್ಲಿ ಎಷ್ಟು ವಾರ ಕೂಡುತ್ತಿದ್ದರೋ! ಬ್ರಯಾನ್ ಆಡಮ್ಸ್‌ನ ಹದಿನಾರು ವಾರದ ಮಾತು ಯಾರೂ ಎತ್ತುತ್ತಿರಲಿಲ್ಲ.

ಪಟ್ಟಿಗೆ ಸೇರುವ ಮಾತು ಹಾಗಿರಲಿ, ಅಂಗಡಿಯವರೇ ಲೆಕ್ಕಕ್ಕೆ ಹಿಡಿಯದ ಹಾಡುಗಳಿದ್ದವು. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ, ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಗೋಣಿತಟ್ಟು ಹಾಸಿ ಮಾರುತ್ತಿದ್ದ ಕ್ಯಾಸೆಟ್ಟುಗಳು: ಚೌಡಿಕೆ ಪದ, ಡೊಳ್ಳಿನ ಪದ, ಗೀಗೀ ಪದ, ಶರೀಫ ಸಾಹೇಬರ ತತ್ವಪದ, ಶ್ರೀಕೃಷ್ಣ ಪಾರಿಜಾತ. ಹಾಡಿದವರ ಹೆಸರು ಕೆಲವಕ್ಕೆ ಇರುತ್ತಿತ್ತು, ಕೆಲವಕ್ಕೆ ಇರುತ್ತಿರಲಿಲ್ಲ. ಒಂದು ಕ್ಯಾಸೆಟ್ಟಿನಿಂದ ಹತ್ತು, ಹತ್ತರಿಂದ ನೂರು ನಕಲಾಗಿ ಹಳ್ಳಿಹಳ್ಳಿಗೆ ಹೋಗುತ್ತಿದ್ದವು. ನಕಲಿಗೆ ಲೆಕ್ಕವಿಲ್ಲ, ಲೆಕ್ಕವಿಲ್ಲದ ಮೇಲೆ ನಂಬರೂ ಇಲ್ಲ. ಟ್ರ್ಯಾಕ್ಟರಿನ ಮೇಲೆ, ಟಂಟಮ್ಮಿನೊಳಗೆ, ಕಬ್ಬಿನ ಗಾಡಿಯ ಸಾಲಿನಲ್ಲಿ ದಿನವೆಲ್ಲ ಕೇಳಿಸುತ್ತಿದ್ದದ್ದು ಮಾತ್ರ ಅವೇ. ನಮ್ಮ ಜಿಲ್ಲೆಯ ಮಟ್ಟಿಗೆ ಆ ಕಾಲದ ನಿಜವಾದ ಮೊದಲ ನಂಬರು ಬೆಂಗಳೂರಿನ ಯಾವ ಸಿನಿಮಾ ಹಾಡೂ ಅಲ್ಲ, ಗೋಣಿತಟ್ಟಿನ ಮೇಲಿನ ಯಾವುದೋ ಎಲ್ಲಮ್ಮನ ಪದ ಎಂದು ನನ್ನ ಅಂದಾಜು.

ಅಂದಾಜನ್ನು ಬಿಟ್ಟು ಕೈಗೆ ಸಿಗುವ ಸಾಕ್ಷಿ ಒಂದಿತ್ತು. ಖಾಲಿ ಕ್ಯಾಸೆಟ್ಟು ಕೊಂಡು, ಬೇಕಾದ ಹಾಡು ತುಂಬಿಸಿಕೊಳ್ಳುವ ರೆಕಾರ್ಡಿಂಗ್ ಅಂಗಡಿಗಳು ನೆನಪಿವೆಯಲ್ಲ? ಖಡೇಬಜಾರಿನಿಂದ ಹಿಡಿದು ಖಾನಾಪುರದ ಪೇಟೆಯ ತನಕ ಅಂಥವು ಇದ್ದವು. ಅರವತ್ತು ಮಿನಿಟಿನದೋ ತೊಂಬತ್ತು ಮಿನಿಟಿನದೋ ಕ್ಯಾಸೆಟ್ಟು, ಜೊತೆಗೆ ವಹಿಯ ಹಾಳೆಯ ಮೇಲೆ ಬರೆದ ಹಾಡಿನ ಯಾದಿ. ಅಂಗಡಿಯವನು ಆ ಯಾದಿಗಳನ್ನು ಮೊಳೆಗೆ ಚುಚ್ಚಿ ಇಡುತ್ತಿದ್ದ. ಒಂದೇ ಹಾಡು ಇಪ್ಪತ್ತು ಯಾದಿಯಲ್ಲಿ ಬಂದರೆ ಅದನ್ನು ಬೇರೆಯ ಟೇಪಿನಲ್ಲಿ ಸಿದ್ಧ ಮಾಡಿ ಇಟ್ಟುಕೊಳ್ಳುತ್ತಿದ್ದ, ಕೆಲಸ ಬೇಗ ಆಗಲೆಂದು. ಸಿನಿಮಾ ಯಾವುದು, ಕಂಪನಿ ಯಾವುದು, ಭಾಷೆ ಯಾವುದು ಎಂಬ ಭೇದವಿಲ್ಲದೆ, ಒಂದೊಂದು ಹಾಡನ್ನೂ ಬೇರೆ ಬೇರೆ ಎಣಿಸಿದ ಪಟ್ಟಿ ಅದು. ಬ್ರಿಟನ್ನಿನವರು ಸಿಂಗಲ್ ಮಾರಿ ಪಡೆದ ಲೆಕ್ಕ ನಮ್ಮಲ್ಲಿ ಆ ಮೊಳೆಯ ಮೇಲಿತ್ತು. ಕಾಯಿದೆಯ ಕಣ್ಣಿಗೆ ಆ ದಂಧೆ ತಪ್ಪೇ, ಹಾಡು ಮಾಡಿದವರಿಗೆ ಅದರಿಂದ ಕವಡೆಯೂ ಹೋಗುತ್ತಿರಲಿಲ್ಲ. ಆದರೂ ಆ ಯಾದಿಗಳು ಅಮೂಲ್ಯ.

ಬ್ರಿಟನ್ನಿನ ಹಾಡಿನ ಪಟ್ಟಿ 1952ರಿಂದ ಇವತ್ತಿನ ತನಕ ವಾರವಾರದ್ದೂ ದಾಖಲೆಯಲ್ಲಿದೆ. ಒಂದೇ ವಾರ ತುದಿಯಲ್ಲಿದ್ದ ಜ್ಯೋತಿ ಮಿಶ್ರಾ ಅವರ ಹೆಸರೂ ಅದರಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಎಲ್ಲಮ್ಮನ ಪದ ಹಾಡಿದ ನಮ್ಮ ಹೆಣ್ಣುಮಗಳ ಹೆಸರು ಎಲ್ಲಿಯೂ ಇಲ್ಲ. ಎಣಿಸುವುದು ಕೀಳು ಕೆಲಸ, ಹಾಡನ್ನು ತೂಗಬಾರದು ಎಂದು ನಮ್ಮ ಪಂಡಿತರು ಹೇಳುತ್ತ ಬಂದರು. ತೂಗದಿದ್ದರೆ ಬೇಡ, ಬರೆದಿಡಬಹುದಿತ್ತು.

ಆದ್ದರಿಂದ ನನ್ನ ಒಂದು ವಿನಂತಿ. ಬೆಳಗಾವಿ, ಖಾನಾಪುರ, ಬೈಲಹೊಂಗಲ, ಗೋಕಾಕ, ಚಿಕ್ಕೋಡಿ, ಅಥಣಿ ಕಡೆ ಕ್ಯಾಸೆಟ್ಟಿನ ಅಂಗಡಿ ಇಟ್ಟವರು, ಆರ್ಕೆಸ್ಟ್ರಾ ನಡೆಸಿದವರು, ಬೆಂಜೊ ಬಾರಿಸಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಬಹಳ ಮಂದಿ ಈಗ ಮೊಬೈಲು ರಿಪೇರಿಗೋ ಝೆರಾಕ್ಸಿಗೋ ಹೊರಳಿದ್ದಾರೆ. ಅಟ್ಟದ ಮೇಲೆ ಹಳೆಯ ಯಾದಿ, ಲೆಕ್ಕದ ವಹಿ, ಹೆಸರಿಲ್ಲದ ಕ್ಯಾಸೆಟ್ಟು ಇದ್ದರೆ ರದ್ದಿಗೆ ಹಾಕಬೇಡಿ. ಯಾವ ವರ್ಷ ಯಾವ ಹಾಡನ್ನು ಮಂದಿ ಹೆಚ್ಚು ಕೇಳಿಕೊಂಡು ಬಂದರು, ಹಾಡಿದವರು ಯಾರು, ಯಾವ ಊರಿನವರು ಎಂದು ನೆನಪಿದ್ದಷ್ಟನ್ನು ಒಂದು ಹಾಳೆಯ ಮೇಲೆ ಬರೆದು ನಿಮ್ಮ ಊರಿನ ಗ್ರಂಥಾಲಯಕ್ಕೋ ಕಾಲೇಜಿನ ಕನ್ನಡ ವಿಭಾಗಕ್ಕೋ ಕೊಡಿ. ಕಾಲೇಜಿನ ಹುಡುಗ ಹುಡುಗಿಯರು ಇದನ್ನು ಕೇಳುತ್ತಿದ್ದರೆ ನೀವೇ ಆ ಅಂಗಡಿಗಳಿಗೆ ಹೋಗಿ ಕೇಳಿ ಬರೆದುಕೊಳ್ಳಿ. ಪರ್ಸಿ ಡಿಕಿನ್ಸ್ ಫೋನು ಮಾಡಿದ್ದು ಇಪ್ಪತ್ತೇ ಅಂಗಡಿಗೆ.